ಅಮೆರಿಕದ ಚೆರ್ರಿ ಕೌಂಟಿಯಲ್ಲಿ ಜನ ಯಾಕೆ ಅಷ್ಟು ಕಡಿಮೆ? ಅವರ ಬದುಕು ಹೇಗಿದೆ?

ಅಲ್ಲಿನ ಹೆಚ್ಚಿನ ನೆಲ ಉಳುಮೆಗೆ ಒಗ್ಗುವುದಿಲ್ಲ, ದನ ಮೇಯಿಸಲು ಮಾತ್ರ ಸರಿ. ಜನ ಕಡಿಮೆ ಇರುವುದಕ್ಕೆ ಅದೇ ಮುಖ್ಯ ಕಾರಣ.

ನೆಬ್ರಾಸ್ಕ ರಾಜ್ಯದ ಈ ಕೌಂಟಿ, ಅಂದರೆ ಜಿಲ್ಲೆಯಂಥದ್ದು, ಸುಮಾರು 15,500 ಚದರ ಕಿಲೋಮೀಟರ್ ಇದೆ. 2020ರ ಜನಗಣತಿಯಲ್ಲಿ ಇದ್ದವರು 5,455 ಮಂದಿ. ಅವರಲ್ಲೂ ಅರ್ಧದಷ್ಟು ಜನ ವ್ಯಾಲೆಂಟೈನ್ ಎಂಬ ಒಂದೇ ಊರಿನಲ್ಲಿದ್ದಾರೆ!

ಅಲ್ಲಿನ ಗುಡ್ಡಗಳೆಲ್ಲ ಮರಳಿನ ದಿಬ್ಬಗಳು. ಮೇಲೆ ಹುಲ್ಲಿನ ಹೊದಿಕೆ ಇದೆ, ಆ ಹುಲ್ಲಿನ ಬೇರುಗಳೇ ಮರಳನ್ನು ಹಿಡಿದಿಟ್ಟಿವೆ. ನೇಗಿಲು ಹಾಕಿದರೆ ಬೇರು ಕಿತ್ತು ಮರಳು ಗಾಳಿಗೆ ಹಾರುತ್ತದೆ. 1904ರಲ್ಲಿ ಕಿಂಕೇಡ್ ಕಾಯ್ದೆ ಬಂದು ತಲಾ 640 ಎಕರೆವರೆಗೆ ಸರ್ಕಾರಿ ಜಮೀನು ಸಿಕ್ಕಿತು. ಆದರೂ ಬೇಸಾಯಕ್ಕೆ ಕೈ ಹಾಕಿದ ಎಷ್ಟೋ ಕುಟುಂಬಗಳು ಸೋತು ಜಮೀನು ಮಾರಿ ಹೊರಟುಹೋದವು. ಉಳಿದಿದ್ದು ಸಾವಿರಾರು ಎಕರೆಯ ರಾಂಚ್‌ಗಳು, ಅಂದರೆ ದನ ಸಾಕುವ ದೊಡ್ಡ ಜಮೀನುಗಳು.

ಹಾಗಾಗಿ ಪಕ್ಕದ ಮನೆ ಅಂದರೆ ಮೈಲಿಗಟ್ಟಲೆ ದೂರ. ಆದರೆ ದೂರ ಜಾಸ್ತಿ ಆದಷ್ಟೂ ನೆರೆಯವರ ಅಗತ್ಯವೂ ಜಾಸ್ತಿ, ಅಲ್ವಾ? ವಸಂತದಲ್ಲಿ ಕರುಗಳಿಗೆ ಗುರುತಿನ ಬರೆ ಹಾಕುವಾಗ ಸುತ್ತಲಿನ ರಾಂಚ್‌ನವರು ಕೂಲಿಯಿಲ್ಲದೆ ಬಂದು ದುಡಿಯುತ್ತಾರೆ, ಒಟ್ಟಿಗೆ ಕೂತು ಉಣ್ಣುತ್ತಾರೆ. ನಾಳೆ ಇವರು ಅವರಲ್ಲಿಗೆ ಹೋಗುತ್ತಾರೆ. ನಮ್ಮ ರೈತರ ಮುಯ್ಯಾಳು ಪದ್ಧತಿಯೇ ನೋಡಿ.