ಗಲಾಟೆ ಇಲ್ಲದ ಫ್ರೀ ಜಾಝ್ ಬೇಕು ಅಂದವರಿಗೆ

ನಮಸ್ಕಾರ. ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 'ಫ್ರೀ ಜಾಝ್' ಆಲ್ಬಮ್ ಹಾಕಿ ಹತ್ತೇ ನಿಮಿಷಕ್ಕೆ ಹೆಡ್‌ಫೋನ್ ತೆಗೆದಿಟ್ಟೆ, ಈ ಸಂಗೀತದಲ್ಲಿ ರಾತ್ರಿ ಲೈಟ್ ಆರಿಸಿ ಸುಮ್ನೆ ಕೂತು ಕೇಳೋ ಅಂಥದ್ದು ಏನೂ ಇಲ್ವಾ ಅಂತ ಕೇಳಿದ್ದೀರಿ. ಬೇಕಾದಷ್ಟಿದೆ! ನೀವು ಶುರು ಮಾಡಿದ್ದು ಎಂಟು ಜನ ಒಟ್ಟಿಗೆ 37 ನಿಮಿಷ ನುಡಿಸಿದ 1960ರ ರೆಕಾರ್ಡಿಂಗ್, ದೊಡ್ಡ ಕೆಲಸಾನೇ, ಆದ್ರೆ ಮೊದಲ ದಿನಕ್ಕಲ್ಲ.

ಫ್ರೀ ಅಂದ್ರೆ ಜೋರು ಅಂತಲ್ಲ, ಮೊದಲೇ ಗೊತ್ತು ಮಾಡಿದ ಕಾರ್ಡ್‌ಗಳ (chord, ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಸಾಲಿನ ಹಂಗಿಲ್ಲ, ಎಣಿಸೋ ಬೀಟಿನ ಹಂಗೂ ಇಲ್ಲ ಅಂತ ಅಷ್ಟೇ. ಕಚೇರೀಲಿ ಮೃದಂಗ ಸುಮ್ನಿದ್ದು ಆಲಾಪನೆ ನಡೀತಿರುತ್ತಲ್ಲ, ಆ ಹೊತ್ತು ನೆನೆಸ್ಕೊಳ್ಳಿ (ಅಲ್ಲಿ ರಾಗದ ಕಟ್ಟಾದ್ರೂ ಇರುತ್ತೆ, ಇಲ್ಲಿ ಅದೂ ಇಲ್ಲ). ಅದಕ್ಕೇ ನಾನು ಹೇಳೋದು, ಮೊದಲು ಡ್ರಮ್ಸ್ ಇಲ್ಲದ ರೆಕಾರ್ಡ್ ಹುಡುಕಿ. ಜಿಮ್ಮಿ ಜುಫ್ರಿ ಕ್ಲಾರಿನೆಟ್, ಪಾಲ್ ಬ್ಲೇ ಪಿಯಾನೊ, ಸ್ಟೀವ್ ಸ್ವಾಲೋ ಬಾಸ್, ಮೂರೇ ಜನ, 1961ರಲ್ಲಿ ಮಾಡಿದ 'ಫ್ಯೂಷನ್' ಮತ್ತು 'ಥೀಸಿಸ್' ಕೇಳಿ. ಮಗು ಮಲಗಿರೋ ಮನೇಲಿ ದೊಡ್ಡವರು ಮಾತಾಡ್ಕೊಂಡ ಹಾಗಿದೆ. ಅದೇ ಬ್ಲೇ 1972ರಲ್ಲಿ ಓಸ್ಲೋದಲ್ಲಿ ಒಬ್ಬರೇ ಕೂತು 'ಓಪನ್, ಟು ಲವ್' ರೆಕಾರ್ಡ್ ಮಾಡಿದ್ರು, ಒಂದು ಸ್ವರ ಒತ್ತಿ ಅದು ತೆಳ್ಳಗಾಗ್ತಾ ಆಗ್ತಾ ಇನ್ನೇನು ಹೋಯ್ತು ಅನ್ನೋವರೆಗೂ ಕಾದು ಆಮೇಲೆ ಮುಂದಿನದ್ದು. ದಯವಿಟ್ಟು ಇದನ್ನ ಮೊಬೈಲ್ ಸ್ಪೀಕರಲ್ಲಿ ಕೇಳಬೇಡಿ, ಆ ಕೊನೆ ಎಳೆ ಕಿವಿಗೆ ಸಿಗಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಮೇರಿಯನ್ ಬ್ರೌನ್ ಅವರ 'ಆಫ್ಟರ್‌ನೂನ್ ಆಫ್ ಎ ಜಾರ್ಜಿಯಾ ಫಾನ್', 1970ರದ್ದು. ಬ್ರೌನ್ ಹುಟ್ಟಿದ್ದು ಜಾರ್ಜಿಯಾದ ಅಟ್ಲಾಂಟಾದಲ್ಲಿ, ಆ ಊರ ಕಡೆಯ ನೆನಪೇ ಇದು. ಶುರುವಲ್ಲಿ ಸ್ಯಾಕ್ಸೊಫೋನೇ ಇಲ್ಲ, ಮರದ ತುಂಡುಗಳ ಟಕ್ ಟಕ್ ಅಷ್ಟೇ, ಮಳೆ ನಿಂತ ಮೇಲೆ ತೋಟದಲ್ಲಿ ಎಲೆಯಿಂದ ಎಲೆಗೆ ಹನಿ ಉದುರುತ್ತಲ್ಲ ಹಾಗೆ, ಒಂದು ಇಲ್ಲಿ, ಒಂದು ಅಲ್ಲಿ, ಆಮೇಲೆ ನಾಲ್ಕೈದು ಒಟ್ಟಿಗೆ, ಮಧ್ಯೆ ಯಾರೋ ಸಿಳ್ಳೆ ಹಾಕ್ತಾರೆ, ತುಂಬ ಹೊತ್ತಾದ್ಮೇಲೆ ಪಿಯಾನೊ ಬರುತ್ತೆ. ಯಾರಿಗೂ ಅವಸರ ಇಲ್ಲ.

ಕೊನೆಗೆ ಸ್ಯಾಕ್ಸೊಫೋನ್ ವಾದಕ ಫೆರೋ ಸ್ಯಾಂಡರ್ಸ್. ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ 1965ರಲ್ಲಿ 'ಅಸೆನ್ಷನ್' ಆಲ್ಬಮ್ಮಲ್ಲಿ ಸ್ಯಾಕ್ಸೊಫೋನಲ್ಲೇ ಚೀರಿದ ಅದೇ ಮನುಷ್ಯ 'ಹಾರ್ವೆಸ್ಟ್ ಟೈಮ್' ಅನ್ನೋ ಟ್ರ್ಯಾಕ್‌ನಲ್ಲಿ 20 ನಿಮಿಷ ಎಷ್ಟು ಮೆತ್ತಗೆ ಊದ್ತಾರೆ ಅಂದ್ರೆ ನನಗೆ ಕಣ್ಣು ತುಂಬಿ ಬರುತ್ತೆ. ಹಿಂದೆ ಗಿಟಾರು, ಅವರ ಹೆಂಡತಿ ನುಡಿಸಿದ ಹಾರ್ಮೋನಿಯಂ. ಇದನ್ನ ಫ್ರೀ ಜಾಝ್ ಅನ್ನೋಕೆ ಒಪ್ಪದವರೂ ಇದ್ದಾರೆ, ಇರಲಿ. ಮಲಗೋ ಮುಂಚೆ ಹಾಕೋದಾದ್ರೆ ಆಟೊಪ್ಲೇ ಆಫ್ ಮಾಡಿಡಿ, ಅದೇ ಆಲ್ಬಮ್ಮಿನ ಮುಂದಿನ ಟ್ರ್ಯಾಕ್ ಡ್ರಮ್ಸ್ ಹಾಡು ಎಲ್ಲ ಸೇರಿ ಜೋರಾಗಿದೆ.