ಎರಡು ವಾರ ಬದುಕಿದ ಲೀಗ್ ಬಗ್ಗೆ, ದಾವಣಗೆರೆಯ ಓದುಗರಿಗೆ

ನಮಸ್ಕಾರ ಸರ್. ನಿಮ್ಮ ಕಾಗದ ಎರಡು ಸಲ ಓದ್ದೆ. ಹೋದ ಸಂಚಿಕೆಯ ಜಾಕಿ ರಾಬಿನ್ಸನ್ (1947ರಲ್ಲಿ ಬಿಳಿಯರ ದೊಡ್ಡ ಲೀಗಿಗೆ ಕಾಲಿಟ್ಟು ಬಣ್ಣದ ತಡೆ ಮುರಿದ ಕಪ್ಪು ಆಟಗಾರ) ಲೇಖನದಲ್ಲಿ "ಅಮೆರಿಕದಲ್ಲಿ ಕಪ್ಪು ಆಟಗಾರರ ಮೊದಲ ಬೇಸ್‌ಬಾಲ್ ಲೀಗ್ ಶುರುವಾಗಿದ್ದು 1920ರಲ್ಲಿ" ಅಂತ ಹಾಕಿದ್ವಿ. 1887ರಲ್ಲೇ ಒಂದಿತ್ತಲ್ಲ, ಎರಡೇ ವಾರದಲ್ಲಿ ಮುಚ್ಚಿಹೋಯ್ತು ಅಂತ ಲೆಕ್ಕಕ್ಕೇ ತಗೊಳ್ಳಲಿಲ್ವಾ, ಅಷ್ಟು ಬೇಗ ಯಾಕೆ ಮುಚ್ಚಿತು ಅಂತ ಕೇಳಿದೀರಿ. ನೀವು ಹೇಳಿದ್ದೇ ಸರಿ. ಆ ಸಾಲು ನನ್ನ ಕಣ್ಣೆದುರೇ ದಾಟಿ ಹೋಗಿದೆ, ತಪ್ಪು ನಂದೇ. 1920ರಲ್ಲಿ ಕಪ್ಪು ಆಟಗಾರ, ಮ್ಯಾನೇಜರ್ ರೂಬ್ ಫಾಸ್ಟರ್ ಕಾನ್ಸಾಸ್ ಸಿಟಿಯಲ್ಲಿ ಕಟ್ಟಿದ್ದು ಬೇರೂರಿ ನಿಂತ ಮೊದಲ ಲೀಗ್, ಅಷ್ಟೇ. ಅದಕ್ಕೂ ಮುಂಚೆ 1886ರಲ್ಲಿ ದಕ್ಷಿಣದ ಊರುಗಳಲ್ಲಿ ಒಂದು ಪ್ರಯತ್ನ ಆಗಿತ್ತು, ಮಾರನೇ ವರ್ಷ ನೀವು ಹೇಳಿದ ನ್ಯಾಷನಲ್ ಕಲರ್ಡ್ ಬೇಸ್ ಬಾಲ್ ಲೀಗ್ ಬಂತು.

ಇದನ್ನ ಕಟ್ಟಿದವರು ಪಿಟ್ಸ್‌ಬರ್ಗಿನ ವಾಲ್ಟರ್ ಬ್ರೌನ್. ಪೇಪರ್ ಮಾರಾಟದ ವ್ಯವಹಾರ ಇಟ್ಕೊಂಡಿದ್ರು, ಜೊತೆಗೆ ಕ್ಲೀವ್‌ಲ್ಯಾಂಡ್ ಗೆಜೆಟ್ ಅನ್ನೋ ಕಪ್ಪು ಜನರ ಪತ್ರಿಕೆಗೆ ಆಟದ ಸುದ್ದಿ ಬರೀತಿದ್ರು. ಪಿಟ್ಸ್‌ಬರ್ಗ್, ನ್ಯೂಯಾರ್ಕ್, ಬಾಸ್ಟನ್, ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ಲೂಯಿವಿಲ್, ಹೀಗೆ ಊರೂರಿನ ತಂಡಗಳನ್ನ ಒಂದು ಮಾಡಿ, ಬ್ರೌನ್ ಒಂದು ದೊಡ್ಡ ಕೆಲಸ ಮಾಡಿದ್ರು ನೋಡಿ, ನ್ಯಾಷನಲ್ ಅಗ್ರಿಮೆಂಟಿಗೆ ಅರ್ಜಿ ಹಾಕಿದ್ರು. ಅದು 1883ರಿಂದ ಬಿಳಿಯರ ಲೀಗುಗಳು ತಮ್ಮತಮ್ಮಲ್ಲೇ ಮಾಡ್ಕೊಂಡಿದ್ದ ಒಪ್ಪಂದ, ಒಬ್ಬರ ಆಟಗಾರನ್ನ ಇನ್ನೊಬ್ಬರು ಸೆಳ್ಕೊಂಡು ಹೋಗಬಾರದು ಅಂತ. ಅರ್ಜಿ ಪಾಸಾಯ್ತು. ಅಂದ್ರೆ ಕಾಗದದ ಮೇಲೆ ಇದು ಬೇರೆ ಯಾವುದೇ ಮೈನರ್ ಲೀಗಿಗೆ (ದೊಡ್ಡ ಲೀಗುಗಳ ಕೆಳಗಿನ ಹಂತದ್ದು) ಸಮ. ನಿಮ್ಮ ಆಟಗಾರರನ್ನ ಯಾರು ಕದೀತಾರೆ, ನಿಮಗ್ಯಾಕೆ ಈ ರಕ್ಷಣೆ ಅನ್ನೋ ಧಾಟಿಯಲ್ಲಿ ಸ್ಪೋರ್ಟಿಂಗ್ ಲೈಫ್ ಪತ್ರಿಕೆ ಬರೀತು. ನನಗೆ ಆ ಪ್ರಶ್ನೆ ಓದಿದಾಗ ಹೊಟ್ಟೆ ಉರೀತು, ಯಾಕಂದ್ರೆ ಆ ಹೊತ್ತಿಗೆ ಬಿಳಿಯರ ತಂಡಗಳಲ್ಲೇ ಫ್ರಾಂಕ್ ಗ್ರಾಂಟ್, ಜಾರ್ಜ್ ಸ್ಟೋವಿ, ಫ್ಲೀಟ್ ವಾಕರ್ ಥರದವರು ಆಡ್ತಾ ಇದ್ರು.

ಮೇ 6ನೇ ತಾರೀಕು ಪಿಟ್ಸ್‌ಬರ್ಗಿನ ರಿಕ್ರಿಯೇಷನ್ ಪಾರ್ಕಲ್ಲಿ ಮೊದಲ ಪಂದ್ಯ. ಬೀದೀಲಿ ಮೆರವಣಿಗೆ, ಬ್ಯಾಂಡ್‌ಸೆಟ್ಟು, 1,200 ಜನ. ನ್ಯೂಯಾರ್ಕಿನ ಗೋರಮ್ಸ್ 11–8ರಲ್ಲಿ ಪಿಟ್ಸ್‌ಬರ್ಗಿನ ಕೀಸ್ಟೋನ್ಸನ್ನ ಸೋಲಿಸ್ತು. ಆ ಕೀಸ್ಟೋನ್ಸಲ್ಲಿ ಇನ್ನೂ 19 ತುಂಬದ ಸೋಲ್ ವೈಟ್ ಅನ್ನೋ ಹುಡುಗ ಇದ್ದ, ಹೆಸರು ನೆನಪಿಟ್ಕೊಳ್ಳಿ.

ಇನ್ನು ಯಾಕೆ ಮುಚ್ಚಿತು ಅನ್ನೋದು. ದುಡ್ಡಿರಲಿಲ್ಲ ಸರ್. ಗೇಟ್ ಕಲೆಕ್ಷನ್ ಮೇಲೇ ರೈಲು ಚಾರ್ಜು, ಊಟ, ವಸತಿ ಎಲ್ಲಾ ನಡೀಬೇಕು, ಒಂದು ಮಳೆ ಬಂದು ಪಂದ್ಯ ನಿಂತ್ರೆ ಮುಂದಿನ ಊರಿಗೆ ಟಿಕೆಟಿಗೂ ಕಷ್ಟ. ಜನ ಮುಗಿಬಿದ್ದು ನೋಡ್ತಿದ್ದ ಕ್ಯೂಬನ್ ಜೈಂಟ್ಸ್ (ಹೆಸರಷ್ಟೇ ಕ್ಯೂಬಾ, ಆಟಗಾರರು ಅಮೆರಿಕದ ಕಪ್ಪು ಜನಾನೇ) ಸೇರಲೇ ಇಲ್ಲ, ಊರೂರು ತಿರುಗಿ ಎಕ್ಸಿಬಿಷನ್ ಪಂದ್ಯದಲ್ಲೇ ಅವರಿಗೆ ಚೆನ್ನಾಗಿ ಹುಟ್ಟುತ್ತಿತ್ತು. ಸಿನ್ಸಿನಾಟಿ ತಂಡ ಶುರುವಿಗೆ ಮುಂಚೇನೇ ಕೈ ಎತ್ತಿತ್ತು. ಬಾಸ್ಟನ್ನಿನ ರೆಸಲ್ಯೂಟ್ಸ್ ಪಾಡು ಕೇಳಿ, ಅಷ್ಟು ದೂರ ಲೂಯಿವಿಲ್‌ಗೆ ಆಡೋಕೆ ಹೋದ್ರು, ಅಲ್ಲಿರುವಾಗಲೇ ಲೀಗ್ ಕುಸೀತು, ವಾಪಸ್ ಬರೋಕೆ ಕಾಸಿಲ್ಲ, ಆಟಗಾರರು ಅಲ್ಲೇ ಸಪ್ಲೈಯರ್ ಕೆಲಸ ಮಾಡಿ ದಾರಿ ಖರ್ಚು ಹೊಂದಿಸ್ಕೊಂಡ್ರು ಅಂತಾರೆ. ಮೇ ತಿಂಗಳು ಮುಗಿಯೋ ಮುಂಚೆ ಎಲ್ಲಾ ಮುಗೀತು.

ಆದ್ರೆ ಜುಲೈ 14 ನೋಡಿ. ಲೀಗ್ ಮುಚ್ಚಿ ಎರಡು ತಿಂಗಳೂ ಆಗಿಲ್ಲ, ಗ್ರಾಂಟ್, ಸ್ಟೋವಿ, ವಾಕರ್ ಆಡ್ತಿದ್ದ ಬಿಳಿಯರ ಮೈನರ್ ಲೀಗ್, ಇಂಟರ್‌ನ್ಯಾಷನಲ್ ಲೀಗಿನವರು ಬಫಲೋದಲ್ಲಿ ಮೀಟಿಂಗ್ ಮಾಡಿ ಇನ್ಮುಂದೆ ಕಪ್ಪು ಆಟಗಾರರ ಹೊಸ ಕಾಂಟ್ರ್ಯಾಕ್ಟ್ ಒಪ್ಪಲ್ಲ ಅಂತ ತೀರ್ಮಾನ ಮಾಡಿದ್ರು. ಅದೇ ವರ್ಷ, ಒಂದು ಕಡೆ ಕಪ್ಪು ಜನರ ಲೀಗಿಗೆ ಒಪ್ಪಂದದ ಒಳಗೆ ಜಾಗ ಸಿಕ್ತು, ಇನ್ನೊಂದು ಕಡೆ ಆಡ್ತಿದ್ದವರಿಗೇ ಬಾಗಿಲು ಹಾಕಿದ್ರು. ಈ ಎರಡನ್ನ ಅಕ್ಕಪಕ್ಕ ಇಡದೆ 1947ರ ರಾಬಿನ್ಸನ್ ಕಥೆ ಅರ್ಧಂಬರ್ಧ ಆಗುತ್ತೆ. ನಮ್ಮ ಲೇಖನದಲ್ಲಿ ಆಗಿದ್ದೂ ಅದೇ.

ಕಾಗದದ ಮಾತು ಬಂತಲ್ಲ, ಇನ್ನೊಂದು ಹೇಳ್ಲೇಬೇಕು. ಮಾರನೇ ವರ್ಷ ಓಹಾಯೋ ಕಡೆಯ ಟ್ರೈ-ಸ್ಟೇಟ್ ಲೀಗ್ ಕೂಡ ಕಪ್ಪು ಆಟಗಾರರು ಬೇಡ ಅಂದಾಗ, ಫ್ಲೀಟ್ ವಾಕರ್ ತಮ್ಮ ವೆಲ್ಡಿ ವಾಕರ್, ಅವನೂ ಕೀಸ್ಟೋನ್ಸಲ್ಲಿ ಆಡಿದವನೇ, ಆ ಲೀಗಿನ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ ಬರೆದ, 1888ರ ಮಾರ್ಚಲ್ಲಿ ಸ್ಪೋರ್ಟಿಂಗ್ ಲೈಫ್ ಅದನ್ನ ಛಾಪಿಸ್ತು. ಆಟ ಬರಲ್ಲ ಅಂತ ತೆಗೀರಿ, ನಡತೆ ಸರಿಯಿಲ್ಲ ಅಂತ ತೆಗೀರಿ, ಬಣ್ಣ ನೋಡಿ ತೆಗೀಬೇಡಿ ಅನ್ನೋದು ಅದರ ಸಾರ. ಟ್ರೈ-ಸ್ಟೇಟ್‌ನವರು ಆ ನಿಯಮ ವಾಪಸ್ ತಗೊಂಡ್ರು. ಆದ್ರೂ ಸೋಲ್ ವೈಟ್‌ಗೆ 1887ರಲ್ಲಿ ತಾನು ಆಡಿದ್ದ, ಈಗ ಆ ಲೀಗಿನಲ್ಲಿದ್ದ ಬಿಳಿಯರ ವೀಲಿಂಗ್ ತಂಡದಲ್ಲಿ ಮತ್ತೆ ಜಾಗ ಸಿಗಲಿಲ್ಲ. ಅವನು ಕೀಸ್ಟೋನ್ಸಿಗೇ ಮರಳಿದ. ಹೌದು, ಲೀಗ್ ಹೋದ್ರೂ ಆ ತಂಡ ಉಳ್ಕೊಂಡಿತ್ತು, ಗೋರಮ್ಸ್ ಕೂಡ. 1888ರಲ್ಲಿ ನ್ಯೂಯಾರ್ಕಲ್ಲಿ ಕಪ್ಪು ತಂಡಗಳ ಟೂರ್ನಿ ನಡೆದಾಗ ಎರಡೂ ಇದ್ವು, ಕೀಸ್ಟೋನ್ಸ್ ಎರಡನೇ ಸ್ಥಾನಕ್ಕೆ ಬಂತು. ಇದೆಲ್ಲಾ ಇವತ್ತು ನಮಗೆ ಗೊತ್ತಿರೋದಕ್ಕೆ ದೊಡ್ಡ ಕಾರಣ ಸೋಲ್ ವೈಟೇ, 1907ರಲ್ಲಿ ಕೂತು ಕಪ್ಪು ಆಟಗಾರರ ಚರಿತ್ರೆ ಪುಸ್ತಕವಾಗಿ ಬರೆದಿಟ್ಟ.

ಈ ಸಂಚಿಕೆಯ ಮೊದಲ ಪುಟದಲ್ಲೇ ತಿದ್ದುಪಡಿ ಹಾಕಿದೀವಿ, ನಿಮ್ಮ ಕಾಗದ ಪೂರ್ತಿ ಅದರ ಕೆಳಗಿದೆ.