ಪ್ರತಿಕ್ರಿಯೆ: ಶಪೋನ್ ಅಂದ್ರೆ ಯಾವ ಕೋಳಿ?

ಫ್ರಾನ್ಸಿನ ಲಿಯಾನ್ ಮಾರ್ಕೆಟ್ಟಿನಲ್ಲಿ ಬಟ್ಟೆ ಸುತ್ತಿ ಹೊಲಿದ ದಪ್ಪ ಕೋಳಿ ನೋಡಿದೆ, 'ಶಪೋನ್' ಅಂತ ಬೋರ್ಡಿತ್ತು, ಇದು ಬೇರೆ ತಳಿಯಾ, ನಾಟಿ ಕೋಳಿ ಸಾರಿನ ಹಾಗೆ ಮಾಡಬಹುದಾ ಎಂದು ಕೇಳಿದ್ದೀರಿ.

ತಳಿ ಅಲ್ಲ. ಹೋತಕ್ಕೆ ಬೀಜ ಒಡೆಸುತ್ತಾರಲ್ಲ, ಅದನ್ನೇ ಹುಂಜಕ್ಕೆ ಮಾಡಿದರೆ ಶಪೋನ್. ಹುಂಜದ ಬೀಜ ಹೊಟ್ಟೆಯೊಳಗೆ, ಬೆನ್ನುಮೂಳೆಯ ಪಕ್ಕ ಇರುತ್ತದೆ. ಹಾಗಾಗಿ ಎಳೆಯದಿದ್ದಾಗಲೇ ಕೊಯ್ದು ತೆಗೆಯಬೇಕು. (ಬ್ರಿಟನ್‌ನಲ್ಲಿ ಇದಕ್ಕೆ ನಿಷೇಧವಿದೆ. ನನಗೂ ಒಂಥರಾ ಕಸಿವಿಸಿಯೇ.) ಆಮೇಲೆ ಕೂಗು ಕಡಿಮೆ, ಜಗಳ ಕಡಿಮೆ, ಜುಟ್ಟು ಪೇಲವ. ತಿಂದದ್ದೆಲ್ಲ ಮೈಗೆ.

ಬಟ್ಟೆ ಹೊಲಿದಿತ್ತು ಅಂದರೆ ಅದು ಬ್ರೆಸ್ ಪ್ರದೇಶದ್ದೇ ಇರಬೇಕು. ಅಲ್ಲಿ ಕನಿಷ್ಠ 8 ತಿಂಗಳು ಸಾಕುತ್ತಾರೆ. ಮೊದಲು ಹುಲ್ಲುಗಾವಲು, ಕೊನೆಯ ವಾರಗಳಲ್ಲಿ ಮರದ ಗೂಡು, ಮುಸುಕಿನ ಜೋಳ, ಹಾಲು. ಪುಕ್ಕ ಕಿತ್ತ ಮೇಲೆ ಬಿಗಿಯಾಗಿ ಬಟ್ಟೆ ಹೊಲಿದರೆ ಕೊಬ್ಬು ಮಾಂಸದೊಳಗೆ ಹರಡುತ್ತದೆ ಅನ್ನುತ್ತಾರೆ.

ಸಾರಿಗೆ ಮಾತ್ರ ಬೇಡ. ನಾಟಿ ಕೋಳಿ ಗಟ್ಟಿ, ಕೊಬ್ಬು ಕಡಿಮೆ. ಇದು ಪೂರ್ತಿ ಉಲ್ಟಾ. ಖಾರ ಹಾಕಿ ಕುದಿಸಿದರೆ ಮೇಲೆ ಬೆರಳು ದಪ್ಪ ಎಣ್ಣೆ ತೇಲುತ್ತದೆ, ಕೊಟ್ಟ ದುಡ್ಡು ದಂಡ. ಉಪ್ಪು, ಮೆಣಸು ಸವರಿ ಓವನ್‌ನಲ್ಲಿ 160 ಡಿಗ್ರಿಯಲ್ಲಿ ನಿಧಾನವಾಗಿ ಬೇಯಿಸಿ. 3 ಕೆಜಿಯದಕ್ಕೆ ಎರಡೂವರೆ ಗಂಟೆಯಾದರೂ ಬೇಕು. ಎದೆ ಕೆಳಗೆ ಮಾಡಿ ಶುರು ಮಾಡಿ, ಇಳಿದ ಕೊಬ್ಬನ್ನು ಆಗಾಗ ಮೇಲೆ ಸುರಿಯಿರಿ. ಸಾರಿನ ಆಸೆ ಬಿಡದಿದ್ದರೆ ಉಳಿದ ಮೂಳೆ ಇದೆಯಲ್ವಾ, ಕಾಳುಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಮಾರನೇ ದಿನ ಕುದಿಸಿ.